ತಲೆಗೊಂದು ವೀಸೆ

ಸಣ್ಣಬೀರಪ್ಪ ಒಂದೇ ಹಗಲಿನಲ್ಲಿ ಏಳು ಪರದೇಶ ಸುತ್ತಿ, ಏಳರಲ್ಲೂ ಚಹಾ ಕುಡಿದು, ಆರನೆಯದರಲ್ಲಿ ಊಟ ಮುಗಿಸಿ, ಏಳನೆಯದರಲ್ಲಿ ಕ್ಷೌರವನ್ನೂ ಮಾಡಿಸಿಕೊಂಡು, ದೀಪ ಹಚ್ಚುವ ಹೊತ್ತಿಗೆ ದಾವಣಗೆರೆಗೆ ವಾಪಸು ಬಂದಿದ್ದ. ಅವನು ಬಂದನೆಂದರೆ ಆ ದೇಶಗಳ ಬಾಗಿಲು ಕಾಯುವ ಅಧಿಕಾರಿಗಳು ಕುರ್ಚಿ ಬಿಟ್ಟು ಏಳುತ್ತಿದ್ದರು. ಅವಸರದಲ್ಲಿ ಕೆಲವರು ಕುರ್ಚಿ ಸಮೇತ ಏಳುತ್ತಿದ್ದರು. ಒಬ್ಬ ದೊರೆಯಂತೂ ಮಗಳನ್ನೇ ಕೊಡುತ್ತೇನೆಂದು ಗಂಟುಬಿದ್ದಿದ್ದ. ಮನೆಯಲ್ಲಿ ಹೆಂಡತಿ ಉಚ್ಚಂಗಮ್ಮ ಇದ್ದಾಳೆ, ಅವಳಿಗೆ ಸಿಟ್ಟು ಬಂದರೆ ಎರಡು ದೇಶಕ್ಕೂ ಲಡಾಯಿ ಹತ್ತುತ್ತದೆ ಎಂದು ಹೇಳಿ ಸಣ್ಣಬೀರಪ್ಪ ತಪ್ಪಿಸಿಕೊಂಡು ಬಂದಿದ್ದ.

ಇದನ್ನು ನಂಬುವವರು ದಾವಣಗೆರೆಯಲ್ಲಿರಲಿ, ಇಡೀ ಮೈಸೂರು ರಾಜ್ಯದಲ್ಲೇ ಹುಟ್ಟಿರಲಿಲ್ಲ. ಆದರೂ ಸಂಜೆಯಾದರೆ ಲಾಲ್ ಸಾಬರ ಮಂಡಕ್ಕಿ ಭಟ್ಟಿಯ ಮುಂದೆ ಜನ ಸೇರುತ್ತಿದ್ದದ್ದು ಇದನ್ನು ಕೇಳುವುದಕ್ಕೇ. ಒಳಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು, ಹೊರಗೆ ಸಣ್ಣಬೀರಪ್ಪನ ಮಾತು ಅದಕ್ಕಿಂತ ಜೋರಾಗಿ ಅರಳುತ್ತಿತ್ತು. ಒಂದು ಹಿಡಿ ಅಕ್ಕಿ ಒಂದು ಮೊರ ಮಂಡಕ್ಕಿಯಾಗುವುದನ್ನು ದಿನಾ ನೋಡುವ ಜನಕ್ಕೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವಿರಲಿಲ್ಲ.

ಹೆಸರಿನಲ್ಲಿ ಒಂದು ‘ಸಣ್ಣ’ ಇದ್ದದ್ದು ಬಿಟ್ಟರೆ ಅವನಲ್ಲಿ ಸಣ್ಣದು ಯಾವುದೂ ಇರಲಿಲ್ಲ. ಹುಬ್ಬಳ್ಳಿಯಿಂದ ಗಿರಣಿಗೆ ಹತ್ತಿ ತರುವ ಲಾರಿಗಳಲ್ಲೆಲ್ಲ ಅವನು ಓಡಿಸುವುದೇ ದೊಡ್ಡದು. ಹರಿಹರದ ಸೇತುವೆಯ ಮೇಲೆ ಅವನು ಹಾರನ್ ಒತ್ತಿದರೆ ಗಾಡಿಯ ಎತ್ತುಗಳು ಮಂಡಿಯೂರುತ್ತಿದ್ದವು, ಕೆಳಗೆ ತುಂಗಭದ್ರೆ ಒಂದು ಗಳಿಗೆ ಹರಿಯುವುದನ್ನೇ ಮರೆಯುತ್ತಿತ್ತು. ಮೀಸೆಯ ಒಂದು ತುದಿ ಹರಿಹರದ ದಾರಿಯ ಬಾತಿ ಊರು ತಲುಪಿದಾಗ ಇನ್ನೊಂದು ತುದಿ ದಾವಣಗೆರೆಯನ್ನು ಇನ್ನೂ ಬಿಟ್ಟಿರುತ್ತಿರಲಿಲ್ಲ.

ಯಾರೂ ನಂಬದ ಅವನ ಮಾತನ್ನು ನಂಬುತ್ತಿದ್ದವಳು ಒಬ್ಬಳೇ, ಲಾಲ್ ಸಾಬರ ಹೆಂಡತಿ ರಹೀಮುನ್ನೀಸಾ. ಭಟ್ಟಿಯ ಬಾಗಿಲ ಮರೆಯಲ್ಲಿ ಕೂತು ಮಂಡಕ್ಕಿ ಜರಡಿ ಹಿಡಿಯುತ್ತಾ ಆಕೆ ಏಳೂ ದೇಶಗಳನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಕೇಳುವುದಕ್ಕೆ ಆಕೆಗೊಂದು ಕಾರಣವಿತ್ತು. ಎತ್ತಿ ಆಡಿಸಿದ ತಂಗಿ ಅಖ್ತರ್ ಬಾನು ಮದುವೆಯಾಗಿ ಸಿಲೋನಿಗೆ ಹೋದವಳು ಮತ್ತೆ ಬಂದಿರಲಿಲ್ಲ. ಪಕ್ಕದ ಹೋಟೆಲಿನ ರೇಡಿಯೋದಲ್ಲಿ ಸಿಲೋನಿನಿಂದ ಹಾಡು ಮಾತ್ರ ದಿನಾ ಬರುತ್ತಿತ್ತು. ಹಾಡಿಗೆ ಬರಲು ದಾರಿಯಿದೆ, ತಂಗಿಗೆ ಇಲ್ಲವೇ ಎಂದು ರಹೀಮುನ್ನೀಸಾಗೆ ರೇಡಿಯೋದ ಮೇಲೂ ಮುನಿಸು.

ಐವತ್ತಾರನೆಯ ಇಸವಿಯಲ್ಲಿ ಅಖ್ತರ್ ಬಾನುವಿನ ಮೈದುನ ಜಮಾಲುದ್ದೀನ್ ಬಟ್ಟೆ ಖರೀದಿಗೆಂದು ದಾವಣಗೆರೆಗೆ ಬಂದ. ಹೊರಡುವಾಗ ರೈಲಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

“ನಮ್ಮ ಭಾಭಿ, ನಿಮ್ಮ ತಂಗಿ, ಕರೀತಾಳ್ರಿ! ಬಂದು ಒಂದು ತಿಂಗಳು ಇದ್ದು, ಸಮುದ್ರ, ಆನೆ ಎಲ್ಲಾ ನೋಡ್ಕೊಂಡು ಹೋಗ್ರಿ. ಮೊದ್ಲು ಪಾಸ್‌ಪೋರ್ಟ್ ಮಾಡಿಸ್ರಿ. ಆಮ್ಯಾಲೆ ವೀಸಾ...”

ಅದೇನೆಂದು ರಹೀಮುನ್ನೀಸಾ ಕೇಳುವಷ್ಟರಲ್ಲಿ ಎಂಜಿನ್ನು ಸಿಳ್ಳೆ ಹಾಕಿ, ಅವನ ಉಳಿದ ಮಾತನ್ನೆಲ್ಲ ಚಿಕ್ಕಜಾಜೂರಿನ ಕಡೆಗೆ ಎಳೆದುಕೊಂಡು ಹೋಯಿತು.

ಲಾಲ್ ಸಾಬರು ಮಾತ್ರ ಜಗ್ಗಲಿಲ್ಲ. ಸರ್ಕಾರಿ ಕಚೇರಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುವ ಮನುಷ್ಯ ಅವರು.

“ಕಚೇರಿ ಮೆಟ್ಲು ಹತ್ತಾಕೇ ಕಾಲು ನಡುಗ್ತಾವೆ, ಹಡಗಿನ ಮೆಟ್ಲು ಹೆಂಗೆ ಹತ್ಲಿ? ಅಲ್ಲಿ ಯಾರಾದ್ರೂ ತಡದು ‘ಯಾಕ ಬಂದೀಯಪ್ಪಾ’ ಅಂದ್ರೆ ಏನಂತ ಹೇಳ್ಲಿ?”

“ಸಣ್ಣಬೀರಣ್ಣ ಜೊತೆಗೆ ಬಂದ್ರೆ?” ಎಂದಳು ರಹೀಮುನ್ನೀಸಾ.

ಲಾಲ್ ಸಾಬರು ಹೊರಗೆ ಕೂತಿದ್ದ ಸಣ್ಣಬೀರಪ್ಪನನ್ನೊಮ್ಮೆ ನೋಡಿದರು. ಗಡ್ಡ ಕೆರೆದುಕೊಂಡರು. “ಅವನು ಬಂದ್ರೆ ಬರ್ತೀನಿ. ಏಳು ದೇಶದೋರು ಅವನಿಗೆ ಸಲಾಂ ಹೊಡೀತಾರಂತಲ್ಲ, ಎಂಟನೇದೋರು ಬಿಡ್ತಾರಾ? ಆದ್ರೆ ಅವನು ಇಲ್ಲಾಂದ್ರೆ ನಾನೂ ಇಲ್ಲ, ನೀನೂ ಇಲ್ಲ. ಮಾತು ಮುಗೀತು.”

ಹೀಗೆ ಅಕ್ಕತಂಗಿಯರ ಭೇಟಿ ಎನ್ನುವುದು ಸಣ್ಣಬೀರಪ್ಪನ ಮೀಸೆಗೆ ಜೋತುಬಿತ್ತು. ಅವನಿಗೋ, ಪಾಸ್‌ಪೋರ್ಟ್ ಎನ್ನುವುದು ಉಟ್ಟುಕೊಳ್ಳುವ ವಸ್ತುವೋ ಹೊದ್ದುಕೊಳ್ಳುವ ವಸ್ತುವೋ ಎಂಬುದೇ ಗೊತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೆವರುತ್ತಿದ್ದರು. ಸಣ್ಣಬೀರಪ್ಪ ಕಾಲ ಮೇಲೆ ಕಾಲು ಹಾಕಿದ.

“ಅದಕ್ಕೇನ್ ಬೂಬಮ್ಮ, ಸಿಲೋನು ಅಂದ್ರೆ ನಮ್ಮ ಹಿತ್ಲು ಇದ್ದಂಗೆ. ಬರ್ತೀನಿ ಬಿಡ್ರಿ.”

“ಅಣ್ಣಾ, ಪಾಸ್‌ಪೋರ್ಟ್ ಆದ ಮ್ಯಾಲೆ ಅದೇನೋ ವೀಸೆ ಅಂದ ಜಮಾಲು. ಅದೇನದು ವೀಸೆ?”

ವೀಸೆ! ಇದು ಅವನಿಗೆ ಗೊತ್ತಿತ್ತು. ಸೇರಿಗಿಂತ ದೊಡ್ಡದು, ಮಣಕ್ಕಿಂತ ಚಿಕ್ಕದು, ಬೆಲ್ಲದಂಗಡಿಯಲ್ಲಿ ತಕ್ಕಡಿಗೆ ಹಾಕುವ ತೂಕದ ಕಲ್ಲು. ಇಡೀ ವಿಷಯದಲ್ಲಿ ಗೊತ್ತಿರುವ ಒಂದೇ ಒಂದು ಪದ ಸಿಕ್ಕಿದ್ದೇ ತಡ, ಸಣ್ಣಬೀರಪ್ಪ ಅದರ ಮೇಲೆ ಏಳು ಅಂತಸ್ತಿನ ಮಹಡಿ ಎಬ್ಬಿಸಿದ.

“ಇಷ್ಟೂ ಗೊತ್ತಿಲ್ವೇನ್ ಬೂಬಮ್ಮ? ತಲೆಗೊಂದು ವೀಸೆ! ಪರದೇಶದ ಬಾಗ್ಲಾಗೆ ದೊಡ್ಡ ತಕ್ಕಡಿ ಕಟ್ಟಿರ್ತಾರೆ. ನಿಮ್ಮೂರಾಗೆ ಏನು ಚಲೋ ಸಿಗ್ತೈತೋ ಅದನ್ನ ಒಬ್ಬೊಬ್ಬರೂ ಒಂದೊಂದು ವೀಸೆ ತೂಗಿ ಕೊಡ್ಬೇಕು. ಸಾಹೇಬ ಬಾಯಿಗೆ ಹಾಕ್ಕೊಂಡು ನೋಡ್ತಾನೆ. ರುಚಿ ಹತ್ತಿದ್ರೆ ಒಳಗೆ. ಇಲ್ದಿದ್ರೆ ಬಂದ ಹಡಗಿನಾಗೆ ವಾಪಸ್.”

“ನೀವು ಏನು ಕೊಟ್ಟಿದ್ರಿ?”

“ನಾನಾ? ಬೆಣ್ಣೆ! ಆ ಸಾಹೇಬ ಬೆಣ್ಣೆ ನೆಕ್ಕಿ ಮೂರು ದಿನ ಆ ಬೆರಳು ತೊಳೀಲಿಲ್ಲ.”

ಕೇಳುತ್ತಿದ್ದವರು ನಕ್ಕು ಉರುಳಿದರು. ರಹೀಮುನ್ನೀಸಾ ನಗಲಿಲ್ಲ. ಎದ್ದು ಒಳಗೆ ಹೋಗಿ ಬೆಳ್ಳುಳ್ಳಿ ಸುಲಿಯಲು ಕೂತಳು.

ಮಂಡಕ್ಕಿಯನ್ನು ಯಾರೂ ತೂಗುವುದಿಲ್ಲ, ಅಳೆಯುತ್ತಾರೆ. ಭಟ್ಟಿಯಲ್ಲಿ ಇದ್ದದ್ದು ಅಳೆಯುವ ಸೇರು ಮಾತ್ರ. ಹಾಗಾಗಿ ಬೆಲ್ಲದಂಗಡಿಯಿಂದ ವೀಸೆಯ ಕಲ್ಲು, ತಕ್ಕಡಿ ಎರಡೂ ಬಂದವು. ಕಲ್ಲು ಒಂದು ತಟ್ಟೆಯಲ್ಲಿ ಕೂತಿತು. ಇನ್ನೊಂದು ತಟ್ಟೆಗೆ ಮಂಡಕ್ಕಿ ಸುರಿದರು. ಕಲ್ಲು ಕದಲಲಿಲ್ಲ. ತಟ್ಟೆ ತುಂಬಿ ಚೆಲ್ಲಿದರೂ ಕದಲಲಿಲ್ಲ. ಕೊನೆಗೆ ತಟ್ಟೆಯನ್ನು ತೆಗೆದು ಅದರ ಜಾಗದಲ್ಲಿ ಗೋಣಿಚೀಲವನ್ನೇ ತೂಗುಹಾಕಬೇಕಾಯಿತು. ಖಾರದ ಪುಡಿ, ಅರಿಶಿನ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಹಾಕಿ ಮೂರು ತಲೆಗೆ ಮೂರು ಮೂಟೆ ಹೊಲಿದು ನಿಲ್ಲಿಸಿದಾಗ, ಭಟ್ಟಿಯ ಬಾಗಿಲು ಮುಚ್ಚಿಹೋಗಿ ಲಾಲ್ ಸಾಬರು ಕಿಟಕಿಯಿಂದ ಹೊರಬರಬೇಕಾಯಿತು. ಸಣ್ಣಬೀರಪ್ಪನ ಲಾರಿಯ ಮೇಲೆ ಅವನ್ನು ಏರಿಸಿ ಹರಿಹರದ ದಾರಿ ಹಿಡಿದಾಗ, ಬಾತಿ ಗುಡ್ಡ ಒಂದು ಗಳಿಗೆ ತಲೆ ತಗ್ಗಿಸಿ ದಾರಿ ಬಿಟ್ಟಿತು.

ಹರಿಹರಕ್ಕೆ ಹೋದದ್ದು ತಿಪ್ಪೇರುದ್ರಪ್ಪನವರ ಮನೆಗೆ. ಕೊಂಡಜ್ಜಿ ಕಡೆಯವರಾದ ಅವರು ಧನುಷ್ಕೋಟಿಯಲ್ಲಿ, ಸಿಲೋನಿನ ಹಡಗು ಹತ್ತುವವರ ಕಾಗದಪತ್ರ ನೋಡುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೊಳೆ ಕಾಣುವಂತೆ ಮನೆ ಕಟ್ಟಿಸಿಕೊಂಡು, ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರಿಗೆ ಬರೆದುಕೊಡುತ್ತಿದ್ದರು. ಇವರು ‘ಆಗುವುದಿಲ್ಲ’ ಎಂದುಬಿಟ್ಟರೆ ತನ್ನ ಮಾನ ಉಳಿಯಿತು ಎಂದು ಸಣ್ಣಬೀರಪ್ಪ ದಾರಿಯುದ್ದಕ್ಕೂ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ. ಲಾರಿ ಜೋರಾಗಿ ಓಡುತ್ತಿದ್ದುದರಿಂದ ಕೆಲವು ದೇವರು ತಪ್ಪಿಹೋಗಿದ್ದರು.

ಜಗಲಿಯ ಮೇಲೆ ಮೂಟೆಗಳು ಇಳಿದವು. ತಿಪ್ಪೇರುದ್ರಪ್ಪನವರು ಕನ್ನಡಕ ಏರಿಸಿದರು.

“ಏನವ್ವ ಇದು?”

“ವೀಸೆ ರೀ ಸಾಹೇಬ್ರೆ. ಸಿಲೋನಿಂದು. ತಲೆಗೊಂದು. ಬೇಕಾರೆ ತೂಗಿ ನೋಡ್ರಿ, ಒಂದು ಗುಲಗಂಜಿ ಕಮ್ಮಿ ಇಲ್ಲ.”

ತಿಪ್ಪೇರುದ್ರಪ್ಪನವರು ಮೂಟೆ ನೋಡಿದರು, ಅವಳನ್ನು ನೋಡಿದರು, ಮತ್ತೆ ಮೂಟೆ ನೋಡಿದರು. ಆಮೇಲೆ ಅವರಿಗೆ ನಗು ಹತ್ತಿತು ನೋಡಿ, ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನು ನಿಲ್ಲಿಸಿದರು.

“ವೀಸೆ ಅಲ್ಲ ತಾಯಿ, ವೀಸಾ! ತೂಕ ಅಲ್ಲ ಅದು, ಮುದ್ರೆ. ಪಾಸ್‌ಪೋರ್ಟ್ ಅಂದ್ರೆ ‘ಇವರು ನಮ್ಮೋರು’ ಅಂತ ನಮ್ಮ ಸರ್ಕಾರ ಕೊಡೋ ಪುಸ್ತಕ. ವೀಸಾ ಅಂದ್ರೆ ‘ಸರಿ, ಬರ್ಲಿ’ ಅಂತ ಆ ದೇಶದೋರು ಅದರ ಮ್ಯಾಲೆ ಒತ್ತೋ ಮುದ್ರೆ. ಒಂದು ಮನೆಯೋರ ಒಪ್ಪಿಗೆ, ಇನ್ನೊಂದು ಬೀಗರ ಒಪ್ಪಿಗೆ ಅಂತ ತಿಳ್ಕಳ್ರಿ. ಹಿಂಗೆ ಮೂಟೆ ಹೊತ್ಕೊಂಡು ಅಧಿಕಾರಿ ಮುಂದೆ ನಿಂತ್ರೆ ಸಿಲೋನಿಗಲ್ಲ, ಸೀದಾ ಜೈಲಿಗೆ ಕಳಿಸ್ತಾರೆ!” ಎಂದು ಕಣ್ಣೊರೆಸಿಕೊಂಡು, ಒಂದು ಮೂಟೆಯ ಹೊಲಿಗೆ ಬಿಚ್ಚಿದರು. “ನಾನು ರಿಟೈರ್ ಆಗೀನಿ. ನಾನು ತಿನ್ನಬಹುದು.”

ರಹೀಮುನ್ನೀಸಾ ಸಣ್ಣಬೀರಪ್ಪನ ಕಡೆ ತಿರುಗಿದಳು.

“ನಾನು ಹೋಗಿದ್ದ ದೇಶದಾಗೆಲ್ಲ ಹಳೇ ಪದ್ಧತಿ ಬೂಬಮ್ಮ,” ಎಂದ ಅವನು, ಮೀಸೆಯ ಹಿಂದೆ ಅಡಗಿಕೊಂಡು.

“ಹೌದ್ರೀ ಸಾಹೇಬ್ರೆ,” ಎಂದು ಆಕೆಯೇ ಅವನ ಪರವಾಗಿ ನಿಂತಳು. “ಅಣ್ಣ ಹೋಗಿದ್ದು ದೊಡ್ಡ ದೊಡ್ಡ ದೇಶಕ್ಕೆ. ಇದು ಪಾಪ, ಸಣ್ಣ ದ್ವೀಪ.”

ಸಣ್ಣಬೀರಪ್ಪನಿಗೆ ಆ ಕ್ಷಣ ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ತಿಪ್ಪೇರುದ್ರಪ್ಪನವರು ಮಂಡಕ್ಕಿ ಮುಕ್ಕುತ್ತಾ, ಪುರಾಣ ಓದುವವರ ರಾಗದಲ್ಲಿ ನಿಯಮ ಹೇಳತೊಡಗಿದರು. “ಸಿಡುಬಿಗೆ, ಕಾಲರಾಕ್ಕೆ ಚುಚ್ಚಿಸ್ಕೊಂಡು ಡಾಕ್ಟರ ಸರ್ಟಿಫಿಕೇಟು ತಗೋಬೇಕು. ಮುಖ ಪೂರಾ ಕಾಣೋ ಫೋಟೋ ಬೇಕು...”

“ಪೂರಾ ಮುಖಾನಾ?” ಎಂದಳು ರಹೀಮುನ್ನೀಸಾ, ಸೆರಗು ಎಳೆದುಕೊಳ್ಳುತ್ತಾ.

“ಮತ್ತೆ? ನಿಮ್ಮ ಬದ್ಲು ಇನ್ಯಾರೋ ಹೋಗಿ ನಿಮ್ಮ ತಂಗಿ ಮನ್ಯಾಗೆ ಉಂಡು ಬಂದ್ರೆ?”

“ಯಾ ಅಲ್ಲಾ! ತೆಗೀಲಿ ಬಿಡ್ರಿ, ಎರಡು ತೆಗೀಲಿ.”

“ಯಾರ ಮನ್ಯಾಗೆ ಇಳೀತೀರಿ, ಎಷ್ಟು ದಿನ ಇರ್ತೀರಿ ಅಂತ ಹೇಳ್ಬೇಕು. ಮುದ್ರೆ ಮ್ಯಾಲೆ ತಾರೀಖು ಇರ್ತೈತೆ. ಅದು ಮುಗಿಯೋದ್ರಾಗೆ ಹೊರಡ್ಬೇಕು. ಮುಖ್ಯ ಮಾತು ಕೇಳ್ರಿ: ನೋಡಾಕೆ ಹೋದೋರು ನೋಡ್ಕೊಂಡು ಬರ್ಬೇಕು. ಅಲ್ಲಿ ನೌಕರಿ ಮಾಡಂಗಿಲ್ಲ, ಅಂಗಡಿ ಇಡಂಗಿಲ್ಲ.”

ಇಷ್ಟೊತ್ತು ಜಗಲಿಯ ತುದಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ ಕೂತಿದ್ದ ಲಾಲ್ ಸಾಬರು ತಲೆ ಎತ್ತಿದರು. “ಭಟ್ಟಿ?”

“ಭಟ್ಟೀನೂ ಹಚ್ಚಂಗಿಲ್ಲ.”

“ಅಂದ್ರೆ... ಒಂದು ತಿಂಗಳು ನಾನು ಏನೂ ಕೆಲ್ಸ ಮಾಡಂಗಿಲ್ಲ?”

“ಕೂಡದು.”

“ಸರ್ಕಾರದ ಹುಕುಂ?”

“ಎರಡೂ ಸರ್ಕಾರದ ಹುಕುಂ.”

ಲಾಲ್ ಸಾಬರ ಮುಖ ಹಸಿ ಅಕ್ಕಿಯಂತಿದ್ದದ್ದು ಹುರಿದ ಮಂಡಕ್ಕಿಯಂತಾಯಿತು. ಹುಟ್ಟಿದಂದಿನಿಂದ ಬೆಂಕಿಯ ಮುಂದೆ ನಿಂತಿದ್ದ ಮನುಷ್ಯ. ಸುಮ್ಮನೆ ಕೂಡುವುದಕ್ಕೆ ಸರ್ಕಾರವೇ ಮುದ್ರೆ ಒತ್ತಿ ಕೊಡುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಅವರು ಜಗಲಿಯ ತುದಿ ಬಿಟ್ಟು ಸರಿದು ಬಂದು ತಿಪ್ಪೇರುದ್ರಪ್ಪನವರ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿದರು.

“ಬರೀರಿ ಸಾಹೇಬ್ರೆ. ಲಗೂನ ಬರೀರಿ.”

ಮೂರು ಅರ್ಜಿಗಳು ಬಂದವು. ಹೆಸರು, ತಂದೆಯ ಹೆಸರು, ಊರು ಎಲ್ಲ ಮುಗಿದ ಮೇಲೆ ತಿಪ್ಪೇರುದ್ರಪ್ಪನವರು ಕೇಳಿದರು: “ಹಿಂದೆ ಯಾವಾಗಾದ್ರೂ ಪಾಸ್‌ಪೋರ್ಟ್ ಇತ್ತಾ?”

“ಇಲ್ಲ,” ಎಂದರು ಲಾಲ್ ಸಾಬರು. “ಇಲ್ಲ,” ಎಂದಳು ರಹೀಮುನ್ನೀಸಾ. ಸಣ್ಣಬೀರಪ್ಪ ಬಾಯಿ ತೆರೆಯುವ ಮೊದಲೇ ಆಕೆ ಸೇರಿಸಿದಳು: “ಅಣ್ಣಂದು ಐತ್ರಿ. ಏಳು ದೇಶದ ಮುದ್ರೆ ಬಿದ್ದಿದ್ದು!”

ಪೆನ್ನು ನಿಂತಿತು. “ಹೌದೇನಪ್ಪ? ಹಂಗಾರೆ ಅದರ ನಂಬರು ಹೇಳು. ಯಾವ ಕಚೇರಿ ಕೊಟ್ಟಿದ್ದು ಅಂತನೂ ಬರೀಬೇಕು.”

“ಅದು... ಮನ್ಯಾಗೆ ಐತ್ರಿ. ಪೆಟ್ಟಿಗ್ಯಾಗೆ.”

“ನೋಡಪ್ಪಾ, ಮೂವರೂ ಕೂಡಿ ಹೋಗ್ತೀರಿ ಅಂತ ಮೂರೂ ಅರ್ಜಿ ಒಂದೇ ಲಕೋಟೆಯಾಗೆ ಮದರಾಸಿನ ಪಾಸ್‌ಪೋರ್ಟ್ ಕಚೇರಿಗೆ ಕಳಿಸ್ತೀನಿ. ಪೊಲೀಸ್ರು ಮನೆಗೆ ಬಂದು ಮೂವರನ್ನೂ ವಿಚಾರಿಸ್ತಾರೆ. ಒಬ್ಬರದು ಸುಳ್ಳು ಅಂತ ಕಂಡ್ರೆ ಮೂರಕ್ಕೂ ಅನುಮಾನ ಹತ್ಕೊಂತೈತೆ. ಆಮ್ಯಾಲೆ ಸಿಲೋನಿನ ಮಾತೇ ಇಲ್ಲ. ಅದಕ್ಕೇ ಕೇಳ್ತೀನಿ. ಇತ್ತಾ, ಇಲ್ವಾ?”

ಸಣ್ಣಬೀರಪ್ಪ ಆ ಕಡೆ ನೋಡಿದ. ಸೇತುವೆಯ ಮೇಲೆ ಒಂದು ಲಾರಿ ಹೊಳೆ ದಾಟುತ್ತಿತ್ತು. ಈ ಕಡೆ ನೋಡಿದ. ರಹೀಮುನ್ನೀಸಾ ಅವನನ್ನೇ ನೋಡುತ್ತಾ ಕೂತಿದ್ದಳು, ಅವನ ಬಾಯಿಂದ ಒಂದು ನಂಬರು ಉದುರಿದರೆ ಸಾಕು, ಅದೇ ಹಡಗಾಗಿ ತೇಲುತ್ತದೆ ಎನ್ನುವಂತೆ. ಆಕೆಯ ಸೆರಗಿನ ತುದಿಯಲ್ಲಿ ಹಸಿರು ಗಾಜಿನ ಬಳೆಗಳ ಗಂಟು ಇತ್ತು. ತಂಗಿಗೆ. ಅರ್ಜಿ ಬರೆಯುವ ಮೊದಲೇ ಖರೀದಿ ಆಗಿಬಿಟ್ಟಿತ್ತು.

ಒಂದು ದೊಡ್ಡ ಸುಳ್ಳು, ಆನೆಯಷ್ಟು ದೊಡ್ಡದು, ಅವನ ಗಂಟಲವರೆಗೆ ಬಂದು ನಿಂತಿತು. ನುಂಗುವಾಗ ಅವನ ಕಣ್ಣಲ್ಲಿ ನೀರು ಬಂತು.

“ಪಾಸ್‌ಪೋರ್ಟ್ ಐತ್ರಿ,” ಎಂದ. “ಆದ್ರೆ ಅದು ನಂದಲ್ಲ. ಲಾರೀದು.”

“ಏನು?”

“ಮೈಸೂರು ಸರ್ಕಾರ ಲಾರಿಗೆ ಪರ್ಮಿಟ್ ಕೊಟ್ಟೈತೆ. ಅದರ ಮ್ಯಾಲೆ ಮುಂಬೈ ಸರ್ಕಾರದೋರು ಮುದ್ರೆ ಒತ್ಯಾರೆ. ಪರದೇಶಕ್ಕೆ ಹೋಗೋದು ಲಾರಿ ರೀ. ನಾನು ಅದರ ಸಂಗಾಟ ಹೋಗ್ತೀನಿ ಅಷ್ಟೇ. ಈ ಸೇತುವೆ ದಾಟಿದ್ರೆ ಮುಂಬೈ ರಾಜ್ಯ ಅಲ್ವಾ, ಅದೇ ನನ್ನ ಪರದೇಶ. ಕೊಡಿಯಾಲ, ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ, ಹುಬ್ಬಳ್ಳಿ. ಎಣಿಸ್ಕಳ್ರಿ, ಏಳು ಅದಾವೆ. ಅದೂ ಇನ್ನು ಸ್ವಲ್ಪ ದಿನ. ರಾಜ್ಯ ಒಂದಾಗ್ತೈತಂತೆ, ಅವೆಲ್ಲ ನಮ್ಮವೇ ಆಗ್ತಾವಂತೆ. ಊರೋರೆಲ್ಲ ಖುಷಿಯಾಗಿದಾರೆ, ನಂಗೊಬ್ಬನಿಗೇ ಏಳು ದೇಶ ಲುಕ್ಸಾನು.”

“ಎದ್ದು ನಿಲ್ಲೋ ಅಧಿಕಾರಿಗಳು?” ಎಂದಳು ರಹೀಮುನ್ನೀಸಾ ಮೆಲ್ಲಗೆ.

“ಗಡಿ ನಾಕಾದ ಪೊಲೀಸ್ರು ಬೂಬಮ್ಮ. ಎದ್ದು ನಿಲ್ಲೋದು ಖರೇನೇ. ಆ ಕಡೆ ಪಾನನಿಷೇಧ ಅಲ್ವಾ, ಸೀಟಿನ ಕೆಳಗೆ ಬಾಟ್ಲಿ ಐತೇನು ಅಂತ ಬಗ್ಗಿ ನೋಡಾಕೆ ಏಳ್ತಾರೆ.”

“ದೊರೆ ಮಗಳು?”

“ಶಿಗ್ಗಾವಿ ಖಾನಾವಳಿಯೋನು. ನಮ್ಮ ತಮ್ಮಗೆ ಹೆಣ್ಣು ಕೊಡ್ತೀನಿ ಅಂದಿದ್ದ. ಆಮ್ಯಾಲೆ ಅದನ್ನೂ ಬ್ಯಾಡ ಅಂದ.”

ಮೊದಲು ನಕ್ಕವರು ಲಾಲ್ ಸಾಬರು. ಹೊಟ್ಟೆ ಹಿಡಿದುಕೊಂಡು, ಮೂಟೆಗೆ ಒರಗಿ ನಕ್ಕರು.

“ನಂಗೆ ಮೊದ್ಲಿಂದ್ಲೂ ಗೊತ್ತಿತ್ತು!”

“ಏನಂದ್ರಿ?” ರಹೀಮುನ್ನೀಸಾ ಸರ್ರನೆ ಗಂಡನ ಕಡೆ ತಿರುಗಿದಳು. “ಗೊತ್ತಿತ್ತಾ? ಗೊತ್ತಿದ್ದೂ ‘ಅವನು ಬಂದ್ರೆ ಬರ್ತೀನಿ’ ಅಂದ್ರಾ? ಅವನು ಬರಾಕಾಗಲ್ಲ, ನಾನು ಮನ್ಯಾಗೇ ಬಿದ್ದಿರ್ತೀನಿ ಅಂತ ಲೆಕ್ಕ ಹಾಕಿದ್ರಾ?”

ಲಾಲ್ ಸಾಬರ ನಗು ಅರ್ಧದಲ್ಲಿ ಸಿಕ್ಕಿಹಾಕಿಕೊಂಡಿತು. “ಅದು ಆವಾಗ,” ಎಂದರು. “ಆವಾಗ ನಂಗೆ ಹುಕುಂ ಗೊತ್ತಿರ್ಲಿಲ್ಲ. ಈಗ ಬರ್ತೀನಿ ಅಂದ್ನಲ್ಲ!”

“ಸಣ್ಣಬೀರಣ್ಣ ಬರ್ದಿದ್ರೆ?”

“ಯಾಕ ಬರಲ್ಲ? ಬರ್ಲೇಬೇಕು. ಎಲ್ಲಾ ಗೊತ್ತಿರೋನ ಜೊತೆ ಹೋದ್ರೆ ನಮ್ಮ ಪರವಾಗಿ ಅವನೇ ಎಲ್ಲಾ ನೋಡ್ಬಿಡ್ತಾನೆ. ಏನೂ ಗೊತ್ತಿಲ್ದೋನು ಇದ್ರೆ ಮೂವರೂ ಕೂಡಿ ಬಾಯಿ ಬಿಟ್ಕೊಂಡು ನೋಡಬಹುದು.”

ಈ ಸಲ ರಹೀಮುನ್ನೀಸಾಳೇ ನಕ್ಕಳು. ನಗುತ್ತಾ ಸಣ್ಣಬೀರಪ್ಪನ ಮುಂದೆ ಒಂದು ಬೊಗಸೆ ಮಂಡಕ್ಕಿ ಹಾಕಿದಳು. “ತಿನ್ರಿ. ಸುಳ್ಳು ನುಂಗಿ ಬಾಯಿ ಕಹಿ ಆಗಿರ್ತೈತೆ.”

ತಿಪ್ಪೇರುದ್ರಪ್ಪನವರು ಮೂರೂ ಅರ್ಜಿಗಳಲ್ಲಿ ‘ಇಲ್ಲ’ ಎಂದು ಬರೆದರು. ಮೂರನೆಯ ‘ಇಲ್ಲ’ವನ್ನು ಸ್ವಲ್ಪ ದಪ್ಪವಾಗಿಯೇ ಬರೆದರು.

“ಇನ್ನೊಂದೇ ಉಳಿದಿರೋದು. ಹೋಗೋ ಉದ್ದೇಶ? ವೀಸಾ ಕೊಡೋರೂ ಇದನ್ನೇ ಕೇಳೋದು, ಈಗ್ಲೇ ಸರಿಯಾಗಿ ಹೇಳ್ರಿ.”

“ನನ್ನ ತಂಗಿನ ನೋಡಾಕೆ,” ಎಂದಳು ರಹೀಮುನ್ನೀಸಾ.

“ಸುಮ್ನೆ ಕೂಡಾಕೆ,” ಎಂದರು ಲಾಲ್ ಸಾಬರು. ತಿಪ್ಪೇರುದ್ರಪ್ಪನವರು ಅದನ್ನು ‘ದೇಶ ನೋಡಲು’ ಎಂದು ತಿದ್ದಿ ಬರೆದುಕೊಂಡರು.

“ನಿಂದೇನಪ್ಪಾ?”

ಸಣ್ಣಬೀರಪ್ಪ ಮೀಸೆಗೆ ಕೈ ಹಾಕಿದ. ಸಿಲೋನಿನ ಸರ್ಕಾರ ತನಗಾಗಿ ಆನೆ ಅಂಬಾರಿ ಕಳಿಸಿ ಕಾಯುತ್ತಿದೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವನು ಮಂಡಕ್ಕಿಯ ಜೊತೆ ಅದನ್ನೂ ಅಗಿದು ನುಂಗಿದ. ಮೀಸೆಯಿಂದ ಕೈ ತೆಗೆದಾಗ ಅದು ಎರಡು ಬೆರಳು ಉದ್ದದ, ಎಲ್ಲರ ಮೀಸೆಯಂಥದೇ ಮೀಸೆಯಾಗಿತ್ತು.

“ಸಮುದ್ರ ನೋಡಾಕೆ ಅಂತ ಬರೀರಿ ಸಾಹೇಬ್ರೆ,” ಎಂದ. “ಈ ಹೊಳೆ ಬಿಟ್ರೆ, ಕೊಂಡಜ್ಜಿ ಕೆರೆಗಿಂತ ದೊಡ್ಡ ನೀರು ನಾನು ಇನ್ನೂ ಕಂಡಿಲ್ಲ.”